ಮುದಿ ಲಾರಿಗೆ ಹೊಸ ನೊಗ

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಹೇರು ಅರ್ಧಕ್ಕೆ ಬಂದೊಡನೆ ಅನುಭವಸ್ಥನಾದ ರೈತನು ಗಾಡಿಯ ಮುಂದಕ್ಕೆ ಬಂದು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಾನೆ. ಮೂಕಿ ತಾನಾಗಿಯೇ ಮೇಲೇಳುವಂತಿದ್ದರೆ ಹೇರು ಹಿಂಭಾರವಾಯಿತೆಂದೂ, ಎತ್ತಲಾರದಷ್ಟು ತೂಕವಾಗಿದ್ದರೆ ಮುಂಭಾರವಾಯಿತೆಂದೂ ಅವನಿಗೆ ತಿಳಿಯುತ್ತದೆ. ಹಿಂಭಾರವಾದರೆ ನೊಗವು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಎರಡೂ ಆಗದಂತೆ, ನೊಗವು ಹೆಗಲ ಮೇಲೆ ಹಿತವಾಗಿ ಒತ್ತಿಕೊಂಡಿರುವಂತೆ ಹೇರುವುದೇ ಜಾಣತನ.

ಇದು ಹಳ್ಳಿಯ ಸಣ್ಣ ವಿಷಯವೆಂದು ಕಾಣಬಹುದು. ಆದರೆ ಒಂದು ವಾಹನವು ಇನ್ನೊಂದನ್ನು ಎಳೆಯಬೇಕಾದಾಗಲೆಲ್ಲ ಎಂಜಿನಿಯರನು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಿದೆ: ಹಿಂದಿನ ಗಾಡಿಯ ತೂಕದಲ್ಲಿ ಎಷ್ಟು ಪಾಲು ಮುಂದಿನದರ ಹೆಗಲ ಮೇಲೆ ಕುಳಿತಿದೆ? ಆ ಹೆಗಲು ಎಲ್ಲಿದೆ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೆಲವು ಗೃಹಸ್ಥರು ತಮ್ಮ ಮನೆಯ ಹಿಂದಿನ ಕಾರ್ಯಾಗಾರದಲ್ಲಿಯೇ ಈ ಪ್ರಶ್ನೆಯನ್ನು ಬಿಡಿಸಲು ಕುಳಿತುಕೊಳ್ಳುತ್ತಾರೆ. ಅವರು ಕೈಗೆತ್ತಿಕೊಳ್ಳುವ ಕೆಲಸ ವಿಚಿತ್ರವಾದುದು. ದೂರದೂರಿಗೆ ಸರಕು ಸಾಗಿಸಿ ನಿವೃತ್ತವಾದ ಭಾರಿ ಲಾರಿಯೊಂದನ್ನು ಕೊಂಡು ತಂದು, ಅದನ್ನು ಮನೆಯಂತಹ ಟ್ರೇಲರನ್ನು ಎಳೆಯುವ ಸಂಸಾರದ ವಾಹನವಾಗಿ ಮಾರ್ಪಡಿಸುವುದು ಅವರ ಹವ್ಯಾಸ. ಈ ಕೆಲಸದಲ್ಲಿ ಕಾಲೇಜಿನ ಭೌತವಿಜ್ಞಾನದ ಪಾಠಗಳಲ್ಲಿ ಬಹುಪಾಲು ಅಡಗಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಇಂತಹ ಸಾಹಸವೇಕೆ ಎಂದು ಕೇಳಬಹುದು. ಆ ದೇಶದಲ್ಲಿ ವರ್ಷದಲ್ಲಿ ಹಲವು ತಿಂಗಳುಗಳನ್ನು ಚಕ್ರದ ಮೇಲಿನ ಮನೆಯಲ್ಲಿಯೇ ಕಳೆಯುವ ಜನರು ಅನೇಕರಿದ್ದಾರೆ. ಅಡಿಗೆಮನೆ, ಸ್ನಾನದ ಮನೆ, ಮಲಗುವ ಕೋಣೆ ಎಲ್ಲವೂ ಇರುವ ದೊಡ್ಡ ಟ್ರೇಲರು ಎಂಟು ಸಾವಿರ ಕಿಲೋಗ್ರಾಂ ತೂಗುವುದುಂಟು. ಸಾಮಾನ್ಯವಾಗಿ ಅದನ್ನು ಪಿಕಪ್ ಎಂದು ಕರೆಯುವ ಸಣ್ಣ ಲಾರಿಯಿಂದ ಎಳೆಯುತ್ತಾರೆ. ಪಿಕಪ್ಪಿನ ಎಂಜಿನ್ನಿಗೆ ಆ ಭಾರವನ್ನು ಎಳೆಯುವ ಬಲವಿಲ್ಲವೆಂದಲ್ಲ; ಇಂದಿನ ದೊಡ್ಡ ಪಿಕಪ್ಪುಗಳಿಗೆ ತಯಾರಕರು ಹತ್ತು ಸಾವಿರ ಕಿಲೋಗ್ರಾಮಿಗೂ ಮೀರಿದ ಎಳೆತದ ಮಿತಿಯನ್ನು ನಮೂದಿಸುತ್ತಾರೆ. ಆದರೆ ತನ್ನ ಎರಡರಷ್ಟು ತೂಕದ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟವಿಳಿಯುವ ವಾಹನದಲ್ಲಿ ಕುಳಿತವನಿಗೆ ಎಳೆಯುವ ಬಲಕ್ಕಿಂತ ತಡೆಯುವ ಬಲವೇ ಮುಖ್ಯವೆಂಬುದು ಬೇಗನೆ ಅರಿವಾಗುತ್ತದೆ.

ಹೆದ್ದಾರಿಯ ಭಾರಿ ಲಾರಿಗಾದರೋ ತನ್ನ ತೂಕವೂ ಟ್ರೇಲರೂ ಸರಕೂ ಸೇರಿ ಮೂವತ್ತಾರು ಸಾವಿರ ಕಿಲೋಗ್ರಾಂ ಭಾರವನ್ನು ದಿನವೂ ಸಾಗಿಸುವುದೇ ಕಸುಬು. ಅದರ ಡೀಸೆಲ್ ಎಂಜಿನ್ನಿನ ಗಾತ್ರ ಹನ್ನೆರಡರಿಂದ ಹದಿನೈದು ಲೀಟರು. ಶಕ್ತಿ ೪೦೦ರಿಂದ ೫೦೦ ಅಶ್ವಶಕ್ತಿ. ಸಾರಿಗೆ ಕಂಪನಿಗಳು ಎಂಟು ಲಕ್ಷ ಕಿಲೋಮೀಟರು ಓಡಿದ ಲಾರಿಗಳನ್ನು ಹಳೆಯದೆಂದು ಮಾರಿಬಿಡುತ್ತವೆ. ಚೆನ್ನಾಗಿ ನೋಡಿಕೊಂಡ ಎಂಜಿನ್ನು ಇನ್ನೂ ಅಷ್ಟೇ ದೂರ ಓಡಬಲ್ಲುದು. ರಜೆಯ ಪ್ರಯಾಣ ಮಾಡುವ ಗೃಹಸ್ಥನಿಗೆ ಅಷ್ಟು ದೂರವನ್ನು ಮುಗಿಸಲು ಒಂದು ಜನ್ಮ ಸಾಲದು.

ಐದನೆಯ ಚಕ್ರ

ಮೊದಲು ಕೊಂಡಿಯನ್ನು ನೋಡೋಣ. ಇಂತಹ ಟ್ರೇಲರಿಗೆ ಮುಂದಿನ ಚಕ್ರಗಳಿಲ್ಲ. ಅದರ ಮುಂಭಾಗದ ಅಡಿಯಲ್ಲಿ ಸುಮಾರು ಐದು ಸೆಂಟಿಮೀಟರು ದಪ್ಪದ ಉಕ್ಕಿನ ಗೂಟವೊಂದು ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಲಾರಿಯ ಬೆನ್ನಿನ ಮೇಲೆ, ಹಿಂಬದಿಗೆ ಬಾಯಿ ತೆರೆದ ಒಂದು ದಪ್ಪ ಉಕ್ಕಿನ ತಟ್ಟೆಯಿರುತ್ತದೆ. ಲಾರಿಯನ್ನು ಹಿಂದಕ್ಕೆ ನಡೆಸಿದಾಗ ಗೂಟವು ತಟ್ಟೆಯ ಬಾಯಿಯೊಳಕ್ಕೆ ಜಾರಿ, ಅಲ್ಲಿನ ದವಡೆಗಳು ಅದನ್ನು ಕಚ್ಚಿಕೊಂಡು ಬೀಗ ಬೀಳುತ್ತದೆ. ಟ್ರೇಲರಿನ ಮುಂಭಾಗದ ತೂಕವೆಲ್ಲ ತಟ್ಟೆಯ ಮೇಲೆ ಕೂರುತ್ತದೆ. ಗೂಟವು ತಿರುಗಾಣಿಯಂತೆ ಕೆಲಸ ಮಾಡುತ್ತದೆ. ಈ ತಟ್ಟೆಗೆ ಐದನೆಯ ಚಕ್ರವೆಂದು ಹೆಸರು. ನಾಲ್ಕು ಚಕ್ರದ ಕುದುರೆಗಾಡಿಗಳ ಕಾಲದಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಮಲಗಿಸಿದ ಕಬ್ಬಿಣದ ಬಳೆಯೊಂದಿರುತ್ತಿತ್ತು. ಆ ಬಳೆಯ ಹೆಸರು ಗಾಡಿಗಳು ಹೋದ ಮೇಲೂ ಉಳಿದುಕೊಂಡಿತು. ವಿಮಾನ ನಿರ್ಮಾಪಕನಾದ ಗ್ಲೆನ್ ಕರ್ಟಿಸನು ೧೯೨೦ರ ದಶಕದಲ್ಲಿ ತಯಾರಿಸಿದ ಏರೋಕಾರ್ ಎಂಬ ಮನೆ-ಟ್ರೇಲರಿನಲ್ಲಿ ಗಾಳಿ ತುಂಬಿದ ಟೈರನ್ನೇ ಅಡ್ಡಲಾಗಿ ಮಲಗಿಸಿ ಕೊಂಡಿಯಾಗಿ ಬಳಸಿದ್ದನು. ಅಲ್ಲಿ ಐದನೆಯ ಚಕ್ರವೆಂಬ ಮಾತು ಅಕ್ಷರಶಃ ನಿಜವಾಗಿತ್ತು.

ಲಾರಿಯಲ್ಲಿ ಈ ತಟ್ಟೆ ಈಗಾಗಲೇ ಇರುವಾಗ ಮಾರ್ಪಾಟಿನ ಅಗತ್ಯವೇನು? ಅಗತ್ಯಗಳು ಹಲವು. ಸರಕಿನ ಟ್ರೇಲರಿಗಾಗಿ ಮಾಡಿದ ತಟ್ಟೆ ನೆಲದಿಂದ ಸುಮಾರು ನೂರ ಇಪ್ಪತ್ತು ಸೆಂಟಿಮೀಟರು ಎತ್ತರದಲ್ಲಿದೆ. ಮನೆ-ಟ್ರೇಲರು ಪಿಕಪ್ಪಿನ ಎತ್ತರಕ್ಕೆ ಹೊಂದಿಕೆಯಾಗುವಂತೆ ಕಟ್ಟಿದುದು. ಎರಡೂ ಸರಿಹೊಂದದೆ ಟ್ರೇಲರು ಮೂಗೆತ್ತಿ ನಿಂತರೆ ಅದರ ಹಿಂದಿನ ಅಚ್ಚಿನ ಮೇಲೆ ಹೊರೆ ಹೆಚ್ಚಾಗಿ, ಮುಂದಿನ ಅಚ್ಚು ಹಗುರವಾಗುತ್ತದೆ. ಸರಕಿನ ಹೊರೆಗಾಗಿ ಗಡುಸಾಗಿ ಮಾಡಿದ ಲಾರಿಯ ತೂಗುವ್ಯವಸ್ಥೆಯು ಹಗುರವಾದ ಮನೆಯನ್ನು ಎಳೆಯುವಾಗ ಬಗ್ಗುವುದೇ ಇಲ್ಲ. ರಸ್ತೆಯ ಪ್ರತಿಯೊಂದು ಕುಲುಕಾಟವೂ ಟ್ರೇಲರಿನ ಬೀರುಗಳವರೆಗೆ ತಲಪುತ್ತದೆ. ಆದುದರಿಂದ ಹಳೆಯ ತಟ್ಟೆಯನ್ನು ತೆಗೆದು, ಗಾಳಿಚೀಲಗಳ ಮೇಲೆ ಕುಳಿತ ಮೆತ್ತನೆಯ ಕೊಂಡಿಯನ್ನು ತಕ್ಕ ಎತ್ತರದಲ್ಲಿ ಕೂರಿಸಬೇಕಾಗುತ್ತದೆ.

ಸನ್ನೆಯ ಲೆಕ್ಕ

ಕೊಂಡಿಯನ್ನು ಎಲ್ಲಿ ಕೂರಿಸಬೇಕು? ಇದು ಇಡೀ ಕೆಲಸದ ಹೃದಯ. ಇದಕ್ಕೆ ಬೇಕಾದ ಗಣಿತವೋ ಏಳನೆಯ ಎಂಟನೆಯ ತರಗತಿಯ ಸನ್ನೆಯ ಪಾಠವಷ್ಟೆ.

ಟ್ರೇಲರಿನ ತೂಕ ೮,೦೦೦ ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಇಂತಹ ಟ್ರೇಲರುಗಳಲ್ಲಿ ತೂಕದ ಐದನೆಯ ಒಂದು ಪಾಲಿನಷ್ಟು ಕೊಂಡಿಯ ಮೇಲೆ ಬೀಳುವುದು ಸಾಮಾನ್ಯ. ಅಂದರೆ ೧,೬೦೦ ಕಿಲೋಗ್ರಾಂ. ಇದೇ ನಮ್ಮ ರೈತನು ಕೈಯಿಂದ ಎತ್ತಿ ನೋಡಿದ ಮೂಕಿಯ ಭಾರ. ಲಾರಿಯ ತೂಕವೂ ೮,೦೦೦ ಕಿಲೋಗ್ರಾಂ ಆಗಿರಲಿ. ಅದರಲ್ಲಿ ಮುಂದಿನ ಅಚ್ಚಿನ ಮೇಲೆ ೪,೫೦೦, ಹಿಂದಿನ ಅಚ್ಚಿನ ಮೇಲೆ ೩,೫೦೦ ಎಂದಿಟ್ಟುಕೊಳ್ಳೋಣ. ಎರಡು ಅಚ್ಚುಗಳ ನಡುವೆ ೫ ಮೀಟರು ದೂರವಿದೆ.

ಕೊಂಡಿಯು ಹಿಂದಿನ ಅಚ್ಚಿನ ನೇರಕ್ಕಿದ್ದರೆ ಭಾರವೆಲ್ಲ ಆ ಅಚ್ಚಿನ ಮೇಲೆಯೇ ಬೀಳುತ್ತದೆ. ಮುಂದಿನ ಅಚ್ಚಿಗೆ ಸುದ್ದಿಯೂ ಮುಟ್ಟದು. ಆದರೆ ಮನೆ-ಟ್ರೇಲರಿನ ಮುಂಭಾಗ ಅಗಲವಾದುದು; ತಿರುವಿನಲ್ಲಿ ಅದು ಲಾರಿಯ ಬೆನ್ನಿನ ಮೇಲಿರುವ ಪೆಟ್ಟಿಗೆಗಳಿಗೆ ತಾಗದಿರಬೇಕಾದರೆ ಕೊಂಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಅಚ್ಚಿನಿಂದ ೯೦ ಸೆಂಟಿಮೀಟರು ಹಿಂದಕ್ಕೆ ಸರಿಸಿದೆವೆನ್ನೋಣ. ಈಗ ಹಿಂದಿನ ಅಚ್ಚು ಸನ್ನೆಯ ಆಧಾರಬಿಂದುವಾಯಿತು. ೧,೬೦೦ನ್ನು ೦.೯ರಿಂದ ಗುಣಿಸಿ ೫ರಿಂದ ಭಾಗಿಸಿದರೆ ೨೮೮. ಅಂದರೆ ಮುಂದಿನ ಅಚ್ಚಿನಿಂದ ೨೮೮ ಕಿಲೋಗ್ರಾಂ ಮೇಲಕ್ಕೆದ್ದು, ಅಲ್ಲಿ ೪,೨೧೨ ಉಳಿಯುತ್ತದೆ. ಹಿಂದಿನ ಅಚ್ಚಿನ ಮೇಲೆ ೫,೩೮೮ ಆಗುತ್ತದೆ. ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಉತ್ಸಾಹಿಯೊಬ್ಬನು ಇನ್ನಷ್ಟು ಜಾಗ ಮಾಡಿಕೊಳ್ಳಲು ಕೊಂಡಿಯನ್ನು ಎರಡೂವರೆ ಮೀಟರು ಹಿಂದಕ್ಕೆ ಒಯ್ದರೆ ಮುಂದಿನ ಚಕ್ರಗಳಿಂದ ೮೦೦ ಕಿಲೋಗ್ರಾಂ ಕಳೆದುಹೋಗುತ್ತದೆ. ಲಾರಿಗೆ ದಿಕ್ಕು ತೋರಿಸುವವು ಮುಂದಿನ ಚಕ್ರಗಳೇ ಅಲ್ಲವೆ? ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಅವುಗಳ ಹಿಡಿತ ಸಡಿಲವಾಗುವುದನ್ನು ಯಾರೂ ಬಯಸಲಾರರು.

ಹಿಂದಕ್ಕೆ ಸರಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಅದು ಮೊದಲ ನೋಟಕ್ಕೆ ಕಾಣದು. ಪಕ್ಕದಿಂದ ಗಾಳಿ ಬೀಸಿ ಟ್ರೇಲರು ಅತ್ತಿತ್ತ ತೂಗಿದಾಗ ಅದು ಕೊಂಡಿಯನ್ನು ಅಡ್ಡಲಾಗಿ ತಳ್ಳುತ್ತದೆ. ಕೊಂಡಿ ಅಚ್ಚಿನ ನೇರಕ್ಕಿದ್ದರೆ ಆ ತಳ್ಳುವಿಕೆಗೆ ಸನ್ನೆಯ ತೋಳೇ ಇಲ್ಲ; ಹಿಂದಿನ ಟೈರುಗಳು ಅದನ್ನು ನೇರವಾಗಿ ನುಂಗಿಕೊಳ್ಳುತ್ತವೆ. ಕೊಂಡಿ ಹಿಂದೆ ಹಿಂದೆ ಹೋದಷ್ಟೂ ತೋಳು ಉದ್ದವಾಗಿ, ಬಾಲವು ನಾಯಿಯನ್ನೇ ಅಲ್ಲಾಡಿಸುವ ಸ್ಥಿತಿ ಬರುತ್ತದೆ.

ಈ ಸನ್ನೆಯ ಪಾಠವು ಎಳೆಯುವ ವಾಹನಗಳ ಚರಿತ್ರೆಯಷ್ಟೇ ಹಳೆಯದು. ೧೯೧೬ರಲ್ಲಿ ಟೆನ್ನೆಸಿ ರಾಜ್ಯದ ಚಟ್ಟನೂಗ ನಗರದಲ್ಲಿ ಗರಾಜು ನಡೆಸುತ್ತಿದ್ದ ಅರ್ನೆಸ್ಟ್ ಹೋಮ್ಸ್ ಎಂಬವನು ಹೊಳೆಗೆ ಬಿದ್ದ ಫೋರ್ಡ್ ಕಾರೊಂದನ್ನು ಹಗ್ಗ, ಮರದ ದಿಮ್ಮಿಗಳಿಂದ ಎತ್ತಲು ಹಲವು ಜನರೊಡನೆ ಗಂಟೆಗಟ್ಟಲೆ ಹೆಣಗಬೇಕಾಯಿತು. ಅದರಿಂದ ಬೇಸತ್ತು ಅವನು ೧೯೧೩ರ ಕ್ಯಾಡಿಲಾಕ್ ಕಾರಿನ ಚೌಕಟ್ಟಿಗೆ ಮೂರು ಕಂಬಗಳು, ಒಂದು ರಾಟೆ, ಒಂದು ಸರಪಳಿಯನ್ನು ಜೋಡಿಸಿ ಕೆಟ್ಟ ಕಾರುಗಳನ್ನು ಎತ್ತಿ ಎಳೆಯುವ ವಾಹನವನ್ನು ಮಾಡಿದನು. ಬಾಲದಲ್ಲಿ ಭಾರ ಎತ್ತುವ ವಾಹನವು ತಾನೇ ವಾಲದಂತೆ ನೆಲಕ್ಕೆ ಚಾಚುವ ಆಧಾರದ ಕಾಲುಗಳು ಬೇಕೆಂಬುದನ್ನು ಅವನು ಕೆಲಸ ಮಾಡುತ್ತಲೇ ಕಲಿತನು. ಆ ನಗರದಲ್ಲಿ ಈಗ ಇಂತಹ ವಾಹನಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ.

ಉಕ್ಕಿನ ಹದ

ಹೆದ್ದಾರಿಯ ಲಾರಿಗೆ ಹಿಂದೆ ಎರಡು ಅಚ್ಚುಗಳು, ಎಂಟು ಟೈರುಗಳು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಒಂಟಿ ಅಚ್ಚಿನ ಮೇಲೆ ಸುಮಾರು ೯,೦೭೦ ಕಿಲೋಗ್ರಾಂವರೆಗೆ ಹೇರಲು ಕಾನೂನು ಅನುಮತಿ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಹಿಂದೆ ಬಿದ್ದುದು ೫,೩೮೮ ಮಾತ್ರ. ಹೀಗಿರಲು ಇನ್ನೊಂದು ಅಚ್ಚು ಸುಮ್ಮನೆ ಹೊರೆ. ಅದರ ಚಕ್ರಗಳೂ ಸೇರಿ ಒಂದು ಟನ್ನಿಗೆ ಕಡಿಮೆಯಿಲ್ಲದ ತೂಕ. ಆದುದರಿಂದ ಅನೇಕರು ಒಂದು ಅಚ್ಚನ್ನು ಕಳಚಿ, ಉಳಿದುದನ್ನು ಮುಂದಕ್ಕೆ ಸರಿಸಿ, ಲಾರಿಯನ್ನು ಮೋಟು ಮಾಡುತ್ತಾರೆ. ಇಲ್ಲಿಯೇ ಮನೆಯ ಕಾರ್ಯಾಗಾರದವನು ಎಡವುವುದು.

ಲಾರಿಯ ಬೆನ್ನೆಲುಬು ಎರಡು ಉದ್ದನೆಯ ಉಕ್ಕಿನ ತೊಲೆಗಳು. ಅಡ್ಡಕೊಯ್ತದಲ್ಲಿ ನೋಡಿದರೆ ಪ್ರತಿಯೊಂದೂ ಮಗ್ಗುಲಿಗೆ ಬಾಯಿ ತೆರೆದ ದೋಣಿಯಂತಿರುತ್ತದೆ: ನಡುವೆ ಎತ್ತರವಾದ ನಿಂತ ಗೋಡೆ, ಮೇಲೆ ಕೆಳಗೆ ಮಡಿಚಿದ ಅಂಚುಪಟ್ಟಿಗಳು. ಭಾರ ಬಿದ್ದು ತೊಲೆ ಬಾಗುವಾಗ ಒಂದು ಅಂಚು ಹಿಗ್ಗಲೆಳಸುತ್ತದೆ, ಎದುರಿನದು ಕುಗ್ಗಲೆಳಸುತ್ತದೆ. ನಡುಮಟ್ಟದಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಬಾಗುವಿಕೆಯ ಬಲವನ್ನೆಲ್ಲ ಬಹುಮಟ್ಟಿಗೆ ಹೊರುವವು ಈ ಅಂಚುಪಟ್ಟಿಗಳೇ. ಅವುಗಳಲ್ಲಿ ಒಂದು ತೂತು ಕೊರೆದರೂ ಆ ತೂತಿನ ಅಂಚಿನಲ್ಲಿ ಬಲವು ಒಟ್ಟಾಗಿ, ಸಾವಿರಾರು ಕುಲುಕುಗಳ ತರುವಾಯ ಅಲ್ಲಿಂದಲೇ ಕೂದಲೆಳೆಯಂತಹ ಬಿರುಕು ಹುಟ್ಟುತ್ತದೆ. ಕೊರೆಯಲೇಬೇಕಾದರೆ ನಿಂತ ಗೋಡೆಯಲ್ಲಿ, ಅಂಚುಗಳಿಂದ ದೂರದಲ್ಲಿ ಕೊರೆಯತಕ್ಕದ್ದು. ಲಾರಿ ತಯಾರಕರು ತೊಲೆಯ ಮೇಲೆ ಚೀಟಿ ಅಂಟಿಸಿ ಎಚ್ಚರಿಸುವುದೂ ಇದನ್ನೇ.

ಅದೇ ಚೀಟಿಯಲ್ಲಿ ಬೆಸುಗೆ ಹಾಕಕೂಡದೆಂಬ ಇನ್ನೊಂದು ಎಚ್ಚರಿಕೆಯಿರುತ್ತದೆ. ಮನೆಯಲ್ಲಿ ಬೆಸುಗೆಯ ಯಂತ್ರವಿಟ್ಟುಕೊಂಡು ಗೇಟು, ಕಿಟಕಿಗಳನ್ನು ಮಾಡಿ ಕೈ ಪಳಗಿದವನಿಗೆ ಇದು ಅತಿಯಾದ ಭಯವೆಂದು ತೋರುತ್ತದೆ. ಬೆಸುಗೆಯ ಗೆರೆ ಮೂಲ ಉಕ್ಕಿಗಿಂತಲೂ ಗಟ್ಟಿಯಾಗಿರುವುದನ್ನು ಅವನು ಸುತ್ತಿಗೆಯಿಂದ ಬಡಿದು ತೋರಿಸಲೂಬಹುದು. ಆದರೆ ಸಂಗತಿ ಇರುವುದು ಗೆರೆಯಲ್ಲಲ್ಲ, ಗೆರೆಯ ಪಕ್ಕದಲ್ಲಿ.

ನಮ್ಮ ಕಮ್ಮಾರರು ಕುಡುಗೋಲನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವುದನ್ನು ನೋಡಿದ್ದೇವಷ್ಟೆ. ಹಠಾತ್ತಾಗಿ ತಣಿದ ಉಕ್ಕು ಬಹು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಅದನ್ನು ಮತ್ತೊಮ್ಮೆ ಮಿತವಾಗಿ ಕಾಯಿಸಿದರೆ ಪೆಡಸುತನ ಹೋಗಿ ಗಡುಸುತನದಲ್ಲಿ ಬಹುಪಾಲು ಉಳಿಯುತ್ತದೆ; ಇದೇ ಹದ. ಲಾರಿಯ ತೊಲೆಗಳಿಗೂ ಕಾರ್ಖಾನೆಯಲ್ಲಿ ಹೀಗೆಯೇ ಹದ ಕೊಟ್ಟಿರುತ್ತಾರೆ. ಆದುದರಿಂದಲೇ ಅವು ಸಾಮಾನ್ಯ ಮೆದು ಉಕ್ಕಿನ ಮೂರರಷ್ಟು ಬಲವನ್ನು ತಡೆದುಕೊಳ್ಳುತ್ತವೆ, ತೆಳುವಾಗಿಯೂ ಇರುತ್ತವೆ. ಬೆಸುಗೆಯ ಜ್ವಾಲೆ ಮುಟ್ಟಿದ ಕ್ಷಣದಲ್ಲಿ ಗೆರೆಯ ಎರಡು ಬದಿಗೂ ಕೆಲವು ಮಿಲಿಮೀಟರು ಅಗಲದ ಪಟ್ಟಿಯಲ್ಲಿ ಈ ಹದ ಕೆಡುತ್ತದೆ. ಅಲ್ಲಿ ಉಕ್ಕು ಒಂದೆಡೆ ಮೆತ್ತಗೆ, ಇನ್ನೊಂದೆಡೆ ಪೆಡಸಾಗಿ ನಿಲ್ಲುತ್ತದೆ. ಕಣ್ಣಿಗೆ ಏನೂ ಕಾಣದು. ಬಣ್ಣ ಬಳಿದರೆ ಹೊಸದರಂತೆಯೇ ಹೊಳೆಯುತ್ತದೆ. ಎರಡು ವರ್ಷ ಓಡಿದ ಮೇಲೆ ಒಂದು ದಿನ ತೊಲೆ ಬೆಸುಗೆಯ ಪಕ್ಕದಲ್ಲಿ, ಗೆರೆ ಎಳೆದಂತೆ ಸೀಳುತ್ತದೆ.

ಆದುದರಿಂದ ತಿಳಿದವನು ತೊಲೆಯ ನಡುವೆ ಕೊಯ್ದು ಬೆಸೆಯುವ ಗೋಜಿಗೇ ಹೋಗುವುದಿಲ್ಲ. ಹಿಂದಿನ ಅಚ್ಚನ್ನು ತೂಗುವ್ಯವಸ್ಥೆಯ ಸಮೇತ ತೊಲೆಯ ಕೆಳಗೆ ಮುಂದಕ್ಕೆ ಸರಿಸಿ, ಗೋಡೆಯಲ್ಲಿ ಹೊಸ ತೂತುಗಳನ್ನು ಅಳೆದು ಕೊರೆದು, ಉತ್ತಮ ದರ್ಜೆಯ ಬೋಲ್ಟುಗಳಿಂದ ಬಿಗಿದು, ಹಿಂದೆ ಉಳಿದ ಬಾಲವನ್ನು ಮಾತ್ರ ಕತ್ತರಿಸಿ ಎಸೆಯುತ್ತಾನೆ. ಕೊಂಡಿಯ ಪೀಠವನ್ನೂ ಹೀಗೆಯೇ ಬೋಲ್ಟಿನಿಂದ ಕೂರಿಸುತ್ತಾನೆ. ಪೆಟ್ಟಿಗೆ, ಮೆಟ್ಟಿಲು ಮೊದಲಾದ ಮೇಲುಗೆಲಸಕ್ಕೆ ಬೆಸುಗೆ ಧಾರಾಳವಾಗಿ ಸಾಗಲಿ. ಆಗಲೂ ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಬೇಕು. ಇಲ್ಲದಿದ್ದರೆ ಬೆಸುಗೆಯ ವಿದ್ಯುತ್ಪ್ರವಾಹವು ಎಂಜಿನ್ನನ್ನು ಆಳುವ ಗಣಕಪೆಟ್ಟಿಗೆಯ ಮೂಲಕ ಹಾದು ಅದನ್ನು ಸುಟ್ಟೀತು, ಬೇರಿಂಗಿನ ಗುಂಡುಗಳ ಮೂಲಕ ಹಾದು ಅವುಗಳ ಮೇಲೆ ಸಿಡುಬಿನ ಕಲೆಗಳನ್ನು ಮೂಡಿಸೀತು.

ಅಚ್ಚನ್ನು ಸರಿಸಿದಾಗ ಗಿಯರ್ ಪೆಟ್ಟಿಗೆಯಿಂದ ಅಚ್ಚಿಗೆ ಹೋಗುವ ತಿರುಗುದಂಡವೂ ಮೋಟಾಗಬೇಕು, ಅದರ ಓರೆಯೂ ಬದಲಾಗುತ್ತದೆ. ಓರೆಯಾದ ದಂಡವನ್ನು ತಿರುಗಿಸಲು ಅಡ್ಡಶಿಲುಬೆಯಂತಹ ಕೀಲನ್ನು ಬಳಸುತ್ತಾರೆ. ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ಕನ ಹೆಸರು ಅದಕ್ಕೆ ಅಂಟಿಕೊಂಡಿದೆ. ಈ ಕೀಲಿಗೊಂದು ದುರ್ಗುಣವಿದೆ. ಮೊದಲ ದಂಡವು ಒಂದೇ ಸಮನೆ ತಿರುಗಿದರೂ ಓರೆಯಲ್ಲಿರುವ ಎರಡನೆಯದು ಪ್ರತಿ ಸುತ್ತಿಗೆ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂಜರಿಯುತ್ತದೆ. ಹತ್ತು ಡಿಗ್ರಿ ಓರೆಯಲ್ಲಿ ಈ ಏರಿಳಿತ ಶೇಕಡ ಒಂದೂವರೆಯಷ್ಟು. ಅಲ್ಪವೆಂದು ತೋರಿದರೂ ನಿಮಿಷಕ್ಕೆ ೧,೪೦೦ ಸುತ್ತುಗಳಲ್ಲಿ ಅದು ಸೆಕೆಂಡಿಗೆ ಸುಮಾರು ನಲವತ್ತೇಳು ಏಟುಗಳಾಗುತ್ತದೆ. ಪರಿಹಾರ ಸುಂದರವಾಗಿದೆ: ದಂಡದ ಎರಡು ತುದಿಗಳಲ್ಲಿಯೂ ಒಂದೊಂದು ಕೀಲನ್ನಿಟ್ಟು, ಎರಡರ ಓರೆಯನ್ನೂ ಸಮ ಮಾಡಿದರೆ ಒಂದರ ತಪ್ಪನ್ನು ಇನ್ನೊಂದು ಅಳಿಸಿಬಿಡುತ್ತದೆ. ದಂಡವನ್ನು ಮೋಟು ಮಾಡಿ ತೂಕ ಸರಿದೂಗಿಸುವ ಕೆಲಸವನ್ನು ಮಾತ್ರ ಅದಕ್ಕೆ ತಕ್ಕ ಯಂತ್ರವಿರುವ ಕಾರ್ಖಾನೆಗೇ ಒಪ್ಪಿಸುವುದು ಮೇಲು.

ಇಳಿಜಾರಿನಲ್ಲಿ

ಇಷ್ಟರವರೆಗೆ ಎಳೆಯುವ ಮಾತಾಯಿತು. ಈಗ ತಡೆಯುವ ಮಾತು.

೧೯೩೧ರ ಆಗಸ್ಟಿನಲ್ಲಿ ಡೀಸೆಲ್ ಎಂಜಿನ್ನುಗಳ ತಯಾರಕನಾದ ಕ್ಲೆಸಿ ಕಮ್ಮಿನ್ಸನು ತನ್ನ ಎಂಜಿನ್ನಿನ ಸಾಮರ್ಥ್ಯವನ್ನು ಜಗತ್ತಿಗೆ ತೋರಿಸಲು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಲಾರಿಯಲ್ಲಿ ಹೊರಟಿದ್ದನು. ಪ್ರಯಾಣದ ಕೊನೆಗೆ ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕುಗಳು ಕಾದು ಕೈಕೊಟ್ಟವು. ಕೆಳಗೆ ರೈಲುದಾರಿ ರಸ್ತೆಯನ್ನು ಅಡ್ಡಹಾಯುತ್ತಿತ್ತು. ಅದರ ಮೇಲೆ ಸರಕಿನ ಗಾಡಿಯೊಂದು ಸಾಗುತ್ತಿತ್ತು. ಗಾಡಿಯ ಕೊನೆಯ ಡಬ್ಬಿ ದಾಟುವುದಕ್ಕೂ ಲಾರಿ ಅಲ್ಲಿಗೆ ಬಂದು ಹಾಯುವುದಕ್ಕೂ ನಡುವೆ ಕೂದಲೆಳೆಯ ಅಂತರವಿತ್ತು. ಆ ದಿನದ ನಡುಕವನ್ನು ಕಮ್ಮಿನ್ಸನು ಮರೆಯಲಿಲ್ಲ. ಕಾಲು ಶತಮಾನದ ನಂತರ, ನಿವೃತ್ತನಾದ ಮೇಲೆ, ಅವನು ಎಂಜಿನ್ನನ್ನೇ ಬ್ರೇಕಾಗಿ ಬಳಸುವ ಉಪಾಯವನ್ನು ರೂಪಿಸಿದನು. ೧೯೬೧ರಲ್ಲಿ ಜೇಕಬ್ಸ್ ಎಂಬ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು.

ಬ್ರೇಕುಗಳು ಏಕೆ ಸೋತವೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ನಮ್ಮ ಲಾರಿಯೂ ಟ್ರೇಲರೂ ಸೇರಿ ೧೬,೦೦೦ ಕಿಲೋಗ್ರಾಂ. ನೂರಕ್ಕೆ ಆರರಂತೆ ಇಳಿಯುವ ರಸ್ತೆಯಲ್ಲಿ, ಗಂಟೆಗೆ ೯೦ ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ ೨೫ ಮೀಟರಿನಂತೆ ಇಳಿಯುತ್ತಿದ್ದೇವೆ. ಪ್ರತಿ ಸೆಕೆಂಡಿಗೆ ಒಂದೂವರೆ ಮೀಟರು ಎತ್ತರವನ್ನು ಕಳೆದುಕೊಳ್ಳುತ್ತೇವೆ. ತೂಕ, ಗುರುತ್ವ, ಎತ್ತರಗಳನ್ನು ಗುಣಿಸಿದರೆ ಭೂಮಿಯು ನಮ್ಮನ್ನು ಕೆಳಕ್ಕೆ ತಳ್ಳುತ್ತಿರುವ ಶಕ್ತಿ ಸುಮಾರು ೨೩೫ ಕಿಲೋವಾಟ್, ಎಂದರೆ ೩೧೫ ಅಶ್ವಶಕ್ತಿ! ಎದುರುಗಾಳಿ, ಟೈರುಗಳ ಘರ್ಷಣೆಗಳು ಇದರಲ್ಲಿ ಮೂರನೆಯ ಒಂದು ಪಾಲಿಗೂ ಮೀರಿ ನುಂಗಿಕೊಂಡರೂ ಸುಮಾರು ೧೪೦ ಕಿಲೋವಾಟ್ ಉಳಿಯುತ್ತದೆ. ವೇಗವು ಹೆಚ್ಚದಿರಬೇಕಾದರೆ ಇಷ್ಟನ್ನೂ ಶಾಖವಾಗಿ ಎಲ್ಲಿಯಾದರೂ ಚೆಲ್ಲಬೇಕು. ಹತ್ತು ಕಿಲೋಮೀಟರು ಇಳಿಯುವಷ್ಟರಲ್ಲಿ ಬ್ರೇಕಿನ ಉಕ್ಕಿಗೆ ಸೇರುವ ಶಾಖದಿಂದ ನೂರ ಎಪ್ಪತ್ತೈದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮದುವೆ ಮನೆಯ ದೊಡ್ಡ ಹಂಡೆ ತುಂಬ ನೀರು, ಏಳು ನಿಮಿಷದೊಳಗೆ! ಕಾದ ಬ್ರೇಕಿನ ಡೋಲು ಹಿಗ್ಗಿ ಒಳಗಿನ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಯ ಘರ್ಷಣೆಯ ಗುಣವೂ ಕುಂದುತ್ತದೆ. ಚಾಲಕನು ಎಷ್ಟು ತುಳಿದರೂ ಲಾರಿ ಕೇಳುವುದಿಲ್ಲ.

ಕಮ್ಮಿನ್ಸನ ಉಪಾಯ ಸರಳವಾದುದು. ಡೀಸೆಲ್ ಎಂಜಿನ್ನಿನ ಕೊಂತವು ಗಾಳಿಯನ್ನು ಅದುಮುವಾಗ ಚಕ್ರಗಳಿಂದ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ಆದರೆ ಅದುಮಿದ ಗಾಳಿ ಸುರುಳಿ ಬಿಚ್ಚಿದ ಸ್ಪ್ರಿಂಗಿನಂತೆ ಕೊಂತವನ್ನು ಮರಳಿ ತಳ್ಳಿ ಆ ಶಕ್ತಿಯನ್ನು ಹಿಂದಿರುಗಿಸಿಬಿಡುತ್ತದೆ. ಅದುಮುವಿಕೆ ಮುಗಿಯುವ ಹೊತ್ತಿಗೆ ಸರಿಯಾಗಿ ಹೊಗೆಯ ಕವಾಟವನ್ನು ತೆರೆದು ಆ ಗಾಳಿಯನ್ನು ಹೊರಕ್ಕೆ ಬಿಟ್ಟುಬಿಟ್ಟರೆ? ಕಿತ್ತುಕೊಂಡದ್ದು ಹಿಂದಿರುಗದು. ಎಂಜಿನ್ನು ಆಗ ಗಾಳಿ ಒತ್ತುವ ಯಂತ್ರವಾಗಿ, ನೂರಾರು ಅಶ್ವಶಕ್ತಿಯನ್ನು ಗುಡುಗುಡಿಸುತ್ತ ನುಂಗುತ್ತದೆ. ಚಕ್ರದ ಬ್ರೇಕುಗಳು ತಣ್ಣಗೆ ಉಳಿಯುತ್ತವೆ. ಮುದಿ ಲಾರಿಯನ್ನು ಕೊಳ್ಳುವವರು ಮೊದಲು ವಿಚಾರಿಸುವುದು ಇದನ್ನೇ. ಘಟ್ಟವನ್ನು ಏರಿದ ಗಿಯರಿನಲ್ಲಿಯೇ ಇಳಿಯಬೇಕೆಂದು ನಮ್ಮ ಹಳೆಯ ಲಾರಿ ಚಾಲಕರು ಕಿರಿಯರಿಗೆ ಹೇಳಿಕೊಡುವ ಮಾತಿನ ಹಿಂದೆಯೂ ಇದೇ ತತ್ತ್ವದ ಒಂದು ಅಂಶವಿದೆ.

ಇನ್ನು ಚಕ್ರದ ಬ್ರೇಕುಗಳು. ಲಾರಿಯವು ಒತ್ತಿದ ಗಾಳಿಯಿಂದ ನಡೆಯುವಂಥವು. ಮನೆ-ಟ್ರೇಲರಿನವು ಸಾಮಾನ್ಯವಾಗಿ ವಿದ್ಯುತ್ತಿನವು. ಟ್ರೇಲರಿನ ಪ್ರತಿ ಚಕ್ರದೊಳಗೂ ಇರುವ ಸಣ್ಣ ವಿದ್ಯುತ್ಕಾಂತಕ್ಕೆ ೧೨ ವೋಲ್ಟಿನ ಪ್ರವಾಹ ಹರಿದಾಗ ಅದು ತಿರುಗುವ ಡೋಲಿಗೆ ಅಂಟಿಕೊಂಡು, ಅದರೊಡನೆ ಎಳೆಯಲ್ಪಟ್ಟು, ಸನ್ನೆಯ ಮೂಲಕ ಪಟ್ಟಿಗಳನ್ನು ಒತ್ತುತ್ತದೆ. ಒಂದೊಂದಕ್ಕೂ ಬೇಕಾಗುವುದು ಸುಮಾರು ೩ ಆಂಪಿಯರ್. ಗಾಳಿಯ ಭಾಷೆಯನ್ನಾಡುವ ಲಾರಿಗೂ ವಿದ್ಯುತ್ತಿನ ಭಾಷೆಯನ್ನಾಡುವ ಟ್ರೇಲರಿಗೂ ನಡುವೆ ದುಭಾಷಿಯೊಬ್ಬನು ಬೇಕು. ಚಾಲಕನು ತುಳಿದಾಗ ನಳಿಗೆಯಲ್ಲಿ ಏರುವ ಗಾಳಿಯ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಷ್ಟು ಪ್ರವಾಹವನ್ನು ಹಿಂದಕ್ಕೆ ಕಳುಹಿಸುವ ಪೆಟ್ಟಿಗೆಯೇ ಆ ದುಭಾಷಿ. ದೀಪಗಳಲ್ಲಿಯೂ ಇಂತಹುದೇ ತೊಡಕು. ಲಾರಿಯಲ್ಲಿ ನಿಲ್ಲುವ ದೀಪಕ್ಕೂ ತಿರುಗುವ ದೀಪಕ್ಕೂ ಬೇರೆ ಬೇರೆ ತಂತಿಗಳು. ಅಮೆರಿಕದ ಮನೆ-ಟ್ರೇಲರಿನಲ್ಲಿ ಒಂದೇ ಬುರುಡೆ ಎರಡು ಕೆಲಸವನ್ನೂ ಮಾಡುತ್ತದೆ. ನೇರವಾಗಿ ಜೋಡಿಸಿದರೆ ಹಿಂದೆ ಬರುವವನಿಗೆ ಏನೂ ಅರ್ಥವಾಗದು.

ಲಾರಿಯ ಗಾಳಿಬ್ರೇಕಿನಲ್ಲಿ ಮೆಚ್ಚತಕ್ಕ ಒಂದು ಗುಣವಿದೆ. ನಿಲ್ಲಿಸುವ ಬ್ರೇಕನ್ನು ಒತ್ತುವುದು ಗಾಳಿಯಲ್ಲ, ಬಲವಾದ ಸ್ಪ್ರಿಂಗು. ಗಾಳಿಯ ಕೆಲಸ ಆ ಸ್ಪ್ರಿಂಗನ್ನು ಹಿಡಿದಿಡುವುದು. ನಳಿಗೆ ಒಡೆದು ಗಾಳಿ ಸೋರಿಹೋದರೆ ಬ್ರೇಕು ಬಿಡುವುದಿಲ್ಲ, ಹಿಡಿಯುತ್ತದೆ. ಕೆಟ್ಟಾಗ ನಿಲ್ಲುವ ಕಡೆಗೆ ಕೆಡಬೇಕೆಂಬ ಈ ತತ್ತ್ವವನ್ನು ಜಾರ್ಜ್ ವೆಸ್ಟಿಂಗ್‌ಹೌಸನು ೧೮೭೨ರಲ್ಲಿಯೇ ರೈಲುಗಳಿಗೆ ಅಳವಡಿಸಿದ್ದನು. ಆದರೆ ಕಾರ್ಯಾಗಾರದಲ್ಲಿ ಇದೇ ಸ್ಪ್ರಿಂಗು ಮೃತ್ಯುವಾಗಬಲ್ಲುದು. ಅದನ್ನು ಬಂಧಿಸುವ ಉದ್ದ ಬೋಲ್ಟನ್ನು ಹಾಕದೆ ಡಬ್ಬಿಯ ಬಳೆಯನ್ನು ಬಿಚ್ಚಿದವರು ಪ್ರಾಣ ಕಳೆದುಕೊಂಡದ್ದುಂಟು. ಬರಿಯ ಜಾಕಿನ 위에ನಲ್ಲದೆ ಗಟ್ಟಿಯಾದ ಕುದುರೆಗಳ ಮೇಲೆ ಲಾರಿಯನ್ನು ನಿಲ್ಲಿಸಿದ ಹೊರತು ಅದರ ಅಡಿಗೆ ತೂರಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಲಾರಿಯ ಕೋಣೆಗೂ ಕೊಂಡಿಗೂ ನಡುವೆ ಉಳಿದ ಜಾಗದಲ್ಲಿ ಹಲವರು ಸ್ಮಾರ್ಟ್ ಎಂಬ ಪುಟ್ಟ ಕಾರನ್ನು ಅಡ್ಡಲಾಗಿ ಏರಿಸಿಕೊಳ್ಳುತ್ತಾರೆ. ಅಲ್ಲಿ ೨೦೦೮ರಿಂದ ಮಾರಾಟವಾದ ಆ ಕಾರಿನ ಉದ್ದ ಸುಮಾರು ೨.೭ ಮೀಟರು, ರಸ್ತೆಯಲ್ಲಿ ಲಾರಿಗೆ ಸಾಮಾನ್ಯವಾಗಿ ಅನುಮತಿಯಿರುವ ಅಗಲ ಸುಮಾರು ೨.೬ ಮೀಟರು. ಮೂಗು ಬಾಲಗಳು ಎರಡು ಬದಿಗೂ ಮೂರು ಬೆರಳಿನಷ್ಟು ಹೊರಚಾಚುತ್ತವೆ. ಇದು ಸರಿಯೆ ತಪ್ಪೆ ಎಂಬ ಚರ್ಚೆ ಹವ್ಯಾಸಿಗಳ ನಡುವೆ ಸ್ವಾರಸ್ಯವಾಗಿ ನಡೆಯುತ್ತದೆ. ಲಾರಿಯನ್ನು ಯಾವ ವರ್ಗದಲ್ಲಿ ನೋಂದಾಯಿಸಬೇಕೆಂಬುದೂ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಉತ್ಸಾಹಿಗಳಾದ ನಮ್ಮ ತರುಣ ವಾಚಕರು ಸದ್ಯಕ್ಕೆ ಲೆಕ್ಕವನ್ನು ಕಾಗದದ ಮೇಲೆಯೇ ಮಾಡತಕ್ಕದ್ದು.

ಎಲ್ಲವೂ ಮುಗಿದ ಮೇಲೆ ಲಾರಿಯನ್ನೂ ಟ್ರೇಲರನ್ನೂ ಜೋಡಿಸಿ ತೂಕದ ಕಟ್ಟೆಗೆ ಒಯ್ಯುತ್ತಾರೆ. ಆ ದೇಶದ ಹೆದ್ದಾರಿಗಳ ಬದಿಯಲ್ಲಿರುವ ಕಟ್ಟೆಗಳಲ್ಲಿ ಬಿಡಿಬಿಡಿಯಾದ ಹಲಗೆಗಳಿದ್ದು, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಒಂದೊಂದರ ಮೇಲೂ ಬೇರೆಬೇರೆಯಾಗಿ ನಿಲ್ಲುತ್ತವೆ. ನಮ್ಮ ಲೆಕ್ಕ ಸರಿಯಾಗಿದ್ದರೆ ಚೀಟಿಯಲ್ಲಿ ೪,೨೧೨, ೫,೩೮೮, ೬,೪೦೦ ಎಂಬ ಅಂಕಿಗಳು ಬರಬೇಕು. ಅಡಿಗೆಮನೆಯ ನೀರಿನ ತೊಟ್ಟಿ ತುಂಬಿದ್ದರೆ, ಹಿಂದಿನ ಬೀರುವಿನಲ್ಲಿ ಪುಸ್ತಕಗಳನ್ನು ಒಟ್ಟಿದ್ದರೆ ಅಂಕಿಗಳು ಅತ್ತಿತ್ತ ಸರಿಯುತ್ತವೆ. ಆಗ ಸಾಮಾನುಗಳನ್ನು ಮುಂದೆ ಹಿಂದೆ ಮಾಡಿ ಮತ್ತೆ ತೂಗಬೇಕು.

ಹೊರಡುವ ಮುನ್ನ ಪ್ರತಿ ಸಲವೂ ಮಾಡುವ ಕೊನೆಯ ಪರೀಕ್ಷೆಯೊಂದಿದೆ. ಟ್ರೇಲರಿನ ಆಧಾರದ ಕಾಲುಗಳನ್ನು ಪೂರ್ತಿಯಾಗಿ ಎತ್ತುವುದಕ್ಕೆ ಮೊದಲು, ಅದರ ಬ್ರೇಕನ್ನು ಮಾತ್ರ ಹಿಡಿದು, ಲಾರಿಯನ್ನು ಅತಿ ಕೆಳಗಿನ ಗಿಯರಿನಲ್ಲಿ ಮೆಲ್ಲನೆ ಮುಂದಕ್ಕೆ ಜಗ್ಗಬೇಕು. ದವಡೆಗಳು ಗೂಟವನ್ನು ಸರಿಯಾಗಿ ಕಚ್ಚಿದ್ದರೆ ಲಾರಿ ಅಲುಗದೆ ನಿಲ್ಲುತ್ತದೆ. ಕಚ್ಚಿಲ್ಲದಿದ್ದರೆ ಲಾರಿ ಒಂಟಿಯಾಗಿ ಮುಂದಕ್ಕೆ ಸರಿಯುತ್ತದೆ. ಟ್ರೇಲರು ತನ್ನ ಕಾಲುಗಳ ಮೇಲೆ ಅಂಗಳದಲ್ಲಿಯೇ ನಿಂತಿರುತ್ತದೆ.